ಉಬ್ಬಿದ್ದೆಲ್ಲ ಹಿಣಿಲಲ್ಲ

ಎತ್ತಿನ ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ, ಎರಡು ಹೆಗಲುಗಳ ನಡುವೆ ಮೇಲೇಳುವ ಮಾಂಸದ ದಿಬ್ಬಕ್ಕೆ ಕನ್ನಡದಲ್ಲಿ ಹಿಣಿಲು ಎಂಬ ಹೆಸರಿದೆ. ಇಣಿಲು ಎಂಬ ರೂಪವೂ ಉಂಟು. ಆಡುಮಾತಿನಲ್ಲಿ ಡುಬ್ಬ ಎನ್ನುವವರೇ ಹೆಚ್ಚು. ಹನೂರಿನ ಆಚೆ ಗಡಿ ದಾಟಿದರೆ ತಮಿಳರು ಅದನ್ನೇ ತಿಮಿಲ್ ಎನ್ನುತ್ತಾರೆ. ಜಲ್ಲಿಕಟ್ಟಿನಲ್ಲಿ ಹೋರಿಯ ಕೊಂಬನ್ನಾಗಲಿ ಬಾಲವನ್ನಾಗಲಿ ಹಿಡಿಯಬಾರದು, ತಿಮಿಲನ್ನು ಮಾತ್ರ ಅಪ್ಪಿ ಹಿಡಿಯಬೇಕೆಂಬುದು ಅಲ್ಲಿನ ನಿಯಮ. 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಕೊಳ್ಳೇಗಾಲ ಸೀಮೆಗೆ ಈ ಎರಡೂ ಭಾಷೆಗಳ ಒಡನಾಟ ಹೊಸದೇನಲ್ಲ.

ಸಂಸ್ಕೃತದಲ್ಲಿ ಹಿಣಿಲಿಗೆ ಕಕುದ ಎಂದು ಹೆಸರು. ಇಂದ್ರನೇ ಗೂಳಿಯಾಗಿ ನಿಂತಾಗ ಅದರ ಕಕುದದ ಮೇಲೆ ಕುಳಿತು ಯುದ್ಧ ಮಾಡಿದ ಸೂರ್ಯವಂಶದ ಅರಸ ಕಕುತ್ಸ್ಥನಾದ ಎಂಬುದು ಪುರಾಣ. ಅವನ ಕುಲದಲ್ಲಿ ಹುಟ್ಟಿದ ರಾಮ ಕಾಕುತ್ಸ್ಥ. ಅದೇ ಹೆಸರನ್ನು ಹೊತ್ತ ಕದಂಬ ಅರಸ ಕಾಕುಸ್ಥನ ಉಲ್ಲೇಖ ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನದಲ್ಲಿದೆ. ದನದ ಮೈಯ ಒಂದು ಭಾಗ ಅರಸನ ಹೆಸರಿನಲ್ಲಿ ಸೇರಿಕೊಂಡು ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದರಲ್ಲಿ ಬಂದು ಕೂತಿದೆ.

ಇಷ್ಟು ಹಳೆಯ ಮಾತನ್ನು ನಾವು ಬಳಸುವ ರೀತಿಯಲ್ಲಿ ಒಂದು ಗೊಂದಲವಿದೆ. ಬೆನ್ನಿನ ಮೇಲೆ ಏನೇ ಉಬ್ಬಿದ್ದರೂ ಅದನ್ನು ಡುಬ್ಬ ಎಂದೋ ಗೂನು ಎಂದೋ ಕರೆದು ಮುಂದೆ ಹೋಗುತ್ತೇವೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಸರಹದ್ದಿನಲ್ಲೇ ಇಂಥ ನಾಲ್ಕು ಉಬ್ಬುಗಳಿವೆ. ಹೊಲದ ಎತ್ತಿಗೆ ಒಂದು, ಬಿಳಿಗಿರಿರಂಗನ ಬೆಟ್ಟದ ಕಾಟಿಗೆ ಒಂದು, ಕಾವೇರಿಯ ದೊಡ್ಡ ಮೀನಿಗೆ ಒಂದು, ಮನುಷ್ಯರ ಬೆನ್ನಿನ ಮೇಲೆ ಇನ್ನೊಂದು. ಹೊರಗಿನಿಂದ ನೋಡಿದರೆ ನಾಲ್ಕೂ ಉಬ್ಬೇ. ಒಳಗಿರುವುದು ಮಾತ್ರ ಬೇರೆ ಬೇರೆ.

ಮೊದಲು ಎತ್ತಿನದು. ಈ ಸೀಮೆಯ ನಾಟಿ ದನಗಳೆಲ್ಲ ಹಿಣಿಲಿರುವ ಜಾತಿಯವು. ಹಳ್ಳಿಕಾರ್ ತಳಿ ಎಲ್ಲರಿಗೂ ಗೊತ್ತು. ಕಾವೇರಿ ದಂಡೆಯ ಆಲಂಬಾಡಿಯ ಹೆಸರು ಹೊತ್ತ ಬೂದು ಬಣ್ಣದ ತಳಿ ಈಗ ಅಪರೂಪವಾಗಿದೆ. ಮಲೆ ಮಹದೇಶ್ವರ ಬೆಟ್ಟದಿಂದಾಚೆ, ಈರೋಡು ಜಿಲ್ಲೆಗೆ ಸೇರಿದ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ತಲೆಮಾರುಗಳಿಂದ ಸಾಕಿಕೊಂಡು ಬಂದ ತಳಿ ಬರಗೂರು. ಕೆಂಗಂದು ಮೈ, ಅದರ ಮೇಲೆ ಬಿಳಿ ಮಚ್ಚೆ. ಪಶುವಿಜ್ಞಾನಿಗಳು ಈ ಮೂರನ್ನೂ ಅಮೃತಮಹಲ್ ಜೊತೆಗೆ ಮೈಸೂರು ಬಗೆಯ ದನಗಳ ಗುಂಪಿಗೆ ಸೇರಿಸುತ್ತಾರೆ.

ಹಿಣಿಲಿನ ಒಳಗೆ ಮೂಳೆ ಇಲ್ಲ. ಹೆಗಲೆಲುಬನ್ನು ಕತ್ತು ಮತ್ತು ಬೆನ್ನುಮೂಳೆಗೆ ಕಟ್ಟುವ ರಾಂಬಾಯ್ಡ್ ಎಂಬ ಸ್ನಾಯು ನಮ್ಮ ದನಗಳಲ್ಲಿ ವಿಪರೀತ ಬೆಳೆದು ಮೇಲಕ್ಕೆ ಏರಿದೆ, ಎಳೆಗಳ ನಡುವೆ ಕೊಬ್ಬು ಸೇರಿಕೊಂಡಿದೆ. ಒಂಟೆಯ ಡುಬ್ಬ ಹಾಗಲ್ಲ, ಅದು ಹೆಚ್ಚುಕಡಿಮೆ ಪೂರಾ ಕೊಬ್ಬಿನ ದಾಸ್ತಾನು. ಅದರೊಳಗೆ ನೀರಿರುತ್ತದೆ ಎಂಬುದು ಬರಿಯ ಕಲ್ಪನೆ. ಹಿಣಿಲು ಗಂಡುತನದ ಲಕ್ಷಣವೂ ಹೌದು. ಬೀಜದ ಹೋರಿಯಲ್ಲಿ ಎತ್ತರವಾಗಿ ಬೆಳೆದು ಕೆಲವೊಮ್ಮೆ ಒಂದು ಪಕ್ಕಕ್ಕೆ ವಾಲುತ್ತದೆ, ಹಸುವಿನಲ್ಲಿ ಚಿಕ್ಕದು, ಎಳೆಯದರಲ್ಲೇ ಬೀಜ ಒಡೆಸಿದ ಎತ್ತಿನಲ್ಲಿ ನಡುವಿನ ಗಾತ್ರ. ಮೇವಿಲ್ಲದೆ ಸೊರಗಿದ ದನದಲ್ಲಿ ಬೇರೆ ಮಾಂಸಖಂಡಗಳಂತೆ ಹಿಣಿಲೂ ಕರಗುತ್ತದೆ. ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲೆಣಿಸಿ, ಸುಳಿ ನೋಡಿ ವ್ಯಾಪಾರ ಕುದುರಿಸುವವರು ಹೆಗಲು, ಹಿಣಿಲುಗಳ ಮೇಲೂ ಒಮ್ಮೆ ಕೈಯಾಡಿಸುವುದು ಸುಮ್ಮನಲ್ಲ. ನೊಗ ಕೂರುವುದು ಹಿಣಿಲಿನ ಮುಂದೆ. ಎತ್ತು ಎಳೆದಾಗ ನೊಗ ಹಿಂದಕ್ಕೆ ಜಾರದಂತೆ ತಡೆಯುವುದು ಇದೇ ದಿಬ್ಬ. ಆರಂಬಕ್ಕೆ ಒದಗುವ ಅಂಗ ಇದು, ಬರಿಯ ಅಂದಕ್ಕಲ್ಲ.

ಸತ್ತ ದನದ ಹಿಣಿಲು ಕೊಳೆತು ಹೋಗುತ್ತದೆ, ಮೂಳೆ ಮಾತ್ರ ಉಳಿಯುತ್ತದೆ. ಹಾಗಿದ್ದರೆ ಸಾವಿರಾರು ವರ್ಷಗಳ ಹಿಂದಿನ ತಿಪ್ಪೆಯಲ್ಲಿ ಸಿಕ್ಕ ಎಲುಬು ಹಿಣಿಲಿನ ದನದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಬೆನ್ನುಮೂಳೆಯ ಮಣಿಗಳಿಂದ ಮೇಲಕ್ಕೆ ಚಾಚಿದ ಮುಳ್ಳುಗಳಿರುತ್ತವೆ. ನಮ್ಮ ದನಗಳಲ್ಲಿ ಹೆಗಲ ಹಿಂದಿನ ಕೆಲವು ಮುಳ್ಳುಗಳ ತುದಿ ಎರಡಾಗಿ ಸೀಳಿರುತ್ತದೆ. ಉತ್ಖನನದಲ್ಲಿ ಇಂಥ ಕವಲು ಮುಳ್ಳು ಸಿಕ್ಕರೆ ಅಲ್ಲಿ ಹಿಣಿಲಿನ ದನ ಇತ್ತೆನ್ನಲು ಅದೊಂದು ಸಾಕ್ಷಿ. ಸಿಂಧೂ ಕಣಿವೆಯ ಮುದ್ರೆಗಳ ಗೂಳಿಯಂತೂ ತನ್ನ ಹಿಣಿಲನ್ನು ತಾನೇ ತೋರಿಸಿಕೊಂಡು ನಿಂತಿದೆ.

ಇತ್ತೀಚೆಗೆ ಹಿಣಿಲಿನ ಸುತ್ತ ಒಂದು ಕತೆಯೂ ಬೆಳೆದಿದೆ. ಅದರೊಳಗೆ ‘ಸೂರ್ಯಕೇತು ನಾಡಿ’ ಎಂಬುದಿದೆ, ಅದು ಬಿಸಿಲನ್ನು ಹೀರಿ ಹಾಲಿಗೆ ಚಿನ್ನ ಸೇರಿಸುತ್ತದೆ ಎಂದು ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹರಿಯುತ್ತದೆ. ಹಿಣಿಲನ್ನು ಬಿಡಿಸಿ ನೋಡಿದ ಪಶುವೈದ್ಯರಿಗೆ ಸಿಗುವುದು ಸ್ನಾಯು, ಕೊಬ್ಬು, ರಕ್ತನಾಳ, ನರ. ಅಂಥ ನಾಡಿ ಅಲ್ಲಿಲ್ಲ. ಎ2 ಹಾಲಿನ ಮಾತನ್ನೂ ಹಿಣಿಲಿಗೆ ಗಂಟು ಹಾಕುವವರಿದ್ದಾರೆ. ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೇ ಸ್ಥಾನದಲ್ಲಿ ಯಾವ ಅಮೈನೋ ಆಮ್ಲ ಇದೆ ಎಂಬುದರಿಂದ ಎ1, ಎ2 ನಿರ್ಧಾರವಾಗುತ್ತದೆ. ಅದನ್ನು ತಿಳಿಸುವುದು ದನದ ವಂಶವಾಹಿ ಪರೀಕ್ಷೆ. ನಾಟಿ ಹಸುಗಳಲ್ಲಿ ಎ2 ಹೆಚ್ಚು ಎಂಬುದು ನಿಜ, ಆದರೆ ಬಿಳಿ-ಕಪ್ಪು ಸೀಮೆಹಸುಗಳಲ್ಲೂ ಅದು ಇರಬಹುದು. ನಾಟಿ ದನವನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣಗಳು ಬೇಕಷ್ಟಿವೆ. ಇಲ್ಲದ ನಾಡಿಯ ಸಾಕ್ಷಿ ಅದಕ್ಕೆ ಬೇಡ.

ಇನ್ನು ಕಾಟಿ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಲ್ಲಿನ ಕ್ಯಾತೆದೇವರಗುಡಿಯ ದಾರಿಯಲ್ಲಿ ಕಾಟಿಯ ಹಿಂಡು ಕಂಡವರು ‘ಎಂಥ ಡುಬ್ಬ’ ಎಂದು ಬೆರಗಾಗುತ್ತಾರೆ. ಮುಟ್ಟಿ ನೋಡುವ ಧೈರ್ಯ ಯಾರಿಗೂ ಇರಲಾರದು, ಮುಟ್ಟಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಕಾಟಿಯ ಬೆನ್ನಿನ ಮೇಲಿರುವುದು ದಿಬ್ಬವಲ್ಲ, ಏಣು. ಹೆಗಲಿನಿಂದ ಹೊರಟು ಬೆನ್ನಿನ ನಡುವಿನವರೆಗೆ ಉದ್ದಕ್ಕೆ ಓಡಿ ಅಲ್ಲಿ ತಟ್ಟನೆ ನಿಲ್ಲುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಮೂಳೆ. ಬೆನ್ನಿನ ಮಣಿಗಳ ಮುಳ್ಳುಗಳೇ ಅಲ್ಲಿ ಬಹಳ ಉದ್ದವಾಗಿ ಬೆಳೆದಿವೆ, ಅವಕ್ಕೆ ಸ್ನಾಯುಗಳು ಅಂಟಿಕೊಂಡಿವೆ. ಎತ್ತಿನಲ್ಲಿ ಸ್ನಾಯು ಮಾಡಿದ ಕೆಲಸವನ್ನು ಕಾಟಿಯಲ್ಲಿ ಎಲುಬು ಮಾಡಿದೆ.

ಕಾಟಿಗೆ ಕನ್ನಡದಲ್ಲಿ ಕಾಡೆಮ್ಮೆ, ಕಾಡುಕೋಣ ಎಂಬ ಹೆಸರುಗಳೂ ಉಂಟು. ಅದು ಎಮ್ಮೆಯ ಪೈಕಿ ಅಲ್ಲ. ಬಾಸ್ ಎಂಬ ಕುಲಕ್ಕೆ ಸೇರಿದ್ದರಿಂದ ನಮ್ಮ ದನಕ್ಕೇ ಹತ್ತಿರದ ನಂಟು. ಬ್ರಿಟಿಷ್ ಬೇಟೆಗಾರರು ಬೆನ್ನಿನ ಉಬ್ಬನ್ನು ಕಂಡು ಇದನ್ನು ‘ಇಂಡಿಯನ್ ಬೈಸನ್’ ಎಂದರು. ಅಮೆರಿಕದ ಬೈಸನ್‌ಗೂ ಹೆಗಲ ಮೇಲೆ ಉದ್ದ ಮುಳ್ಳುಗಳ ಆಧಾರದ ದೊಡ್ಡ ಡುಬ್ಬವಿದೆ. ಚಳಿಗಾಲದಲ್ಲಿ ತಲೆಯಿಂದ ಹಿಮ ಸರಿಸಿ ಹುಲ್ಲು ಮೇಯುವ ಪ್ರಾಣಿ ಅದು, ಆ ಭಾರದ ತಲೆಯನ್ನು ಆಡಿಸುವ ಸ್ನಾಯುಗಳಿಗೆ ಹಿಡಿಕೆ ಬೇಕು. ಕಣ್ಣಿಗೆ ಕಂಡ ಒಂದು ಉಬ್ಬು ಎರಡು ಖಂಡಗಳ ಎರಡು ಬೇರೆ ಪ್ರಾಣಿಗಳಿಗೆ ಒಂದೇ ಹೆಸರು ಅಂಟಿಸಿತು. ಇವತ್ತಿಗೂ ಎಷ್ಟೋ ಮಂದಿ ಸಫಾರಿಯಿಂದ ಬಂದು ‘ಬೈಸನ್ ನೋಡಿದೆವು’ ಎನ್ನುತ್ತಾರೆ.

ಮೂರನೆಯದು ನೀರಿನಲ್ಲಿದೆ. ಕೊಳ್ಳೇಗಾಲ ತಾಲ್ಲೂಕಿನ ಭರಚುಕ್ಕಿಯಲ್ಲಿ ಧುಮುಕಿದ ಕಾವೇರಿ ಅಲ್ಲಿಂದ ಕಾಡಿನ ನಡುವೆ ಹರಿದು, ಮೇಕೆದಾಟು ದಾಟಿ ಹೊಗೇನಕಲ್ ಕಡೆ ಹೋಗುತ್ತದೆ. ಈ ಹರಿವಿನ ಬಹುಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದಲ್ಲಿದೆ. ಇಲ್ಲಿನ ಆಳದ ಮಡುಗಳಲ್ಲಿ ಮಹಶೀರ್ ಇದೆ, ಬಿಳಿಮೀನು ಎಂದೂ ಕರೆಯುವ ಮೀನು. ಅದರಲ್ಲೂ ತಲೆಯ ಹಿಂದಿನಿಂದ ಬೆನ್ನುರೆಕ್ಕೆಯ ಬುಡದವರೆಗೆ ಮೈ ಎತ್ತರಕ್ಕೆ ಏರಿದ, ಕಿತ್ತಳೆ ಬಾಲದ ಒಂದು ಬಗೆ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಒಂದೂವರೆ ಮೀಟರಿಗೂ ಉದ್ದ, 45 ಕಿಲೋಗೂ ಹೆಚ್ಚು ತೂಕ ಬೆಳೆಯಬಲ್ಲದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದಲ್ಲಿ ಸಿಕ್ಕ ಮಹಶೀರ್‌ಗಳ ದಾಖಲೆಯಲ್ಲಿ ಅದರದೇ ಮೇಲುಗೈ.

ಗಾಳದ ಹವ್ಯಾಸಿಗಳು ಬ್ರಿಟಿಷರ ಕಾಲದಿಂದಲೇ ಈ ಮೀನನ್ನು ‘ಹಂಪ್‌ಬ್ಯಾಕ್ಡ್ ಮಹಶೀರ್’ ಎಂದು ಕರೆದರು. ಪುಸ್ತಕ ಬರೆದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಇಷ್ಟು ಪ್ರಸಿದ್ಧವಾದ ಮೀನಿಗೆ ವಿಜ್ಞಾನದ ಖಾತರಿ ಹೆಸರು ಮಾತ್ರ ಇರಲಿಲ್ಲ. ಮಾದರಿಯೆಂದು ಜೋಪಾನ ಮಾಡಿದ ಮೈ ಯಾವ ಸಂಗ್ರಹಾಲಯದಲ್ಲೂ ಇರಲಿಲ್ಲ. ‘ಟಾರ್ ಮುಸುಲ್ಲಾ’ ಎಂಬ ಹೆಸರನ್ನು ಕೆಲವು ಕಾಲ ಇದಕ್ಕೆ ಹಚ್ಚಿದ್ದರು. ಮುಸುಲ್ಲಾ ಎಂಬುದು ಕೃಷ್ಣಾ ಸೀಮೆಯ ಬೇರೆಯೇ ಕುಲದ ಮೀನೆಂದು ಆಮೇಲೆ ತಿಳಿಯಿತು.

ಹೆಸರಿಲ್ಲದ್ದರಿಂದ ನಷ್ಟವೇನು? ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಬೇಕಾದರೆ ಪ್ರಭೇದಕ್ಕೆ ಒಪ್ಪಿತವಾದ ವೈಜ್ಞಾನಿಕ ಹೆಸರು ಬೇಕು. ಈ ಮೀನಿಗೆ ಅದಿಲ್ಲದೆ ಪಟ್ಟಿಯ ಬಾಗಿಲು ಮುಚ್ಚಿತ್ತು. ಅದೇ ಹೊತ್ತಿಗೆ ಹೊಳೆಯಲ್ಲಿ ಪರಿಸ್ಥಿತಿ ಕೆಡುತ್ತಿತ್ತು. ಅಣೆಕಟ್ಟುಗಳು, ತೋಟಾ ಸಿಡಿಸಿ ಮೀನು ಹಿಡಿಯುವ ಚಟ ಇವುಗಳ ಜೊತೆಗೆ ಇನ್ನೊಂದು ಕಾರಣವೂ ಸೇರಿತು. ಮಹಾರಾಷ್ಟ್ರದ ಲೋನಾವಳಾದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶವೇ ಇತ್ತು. ಆದರೆ ಎರಡನ್ನೂ ‘ಮಹಶೀರ್’ ಎಂಬ ಒಂದೇ ಮಾತಿನಲ್ಲಿ ಎಣಿಸಿದಾಗ ಹೊಳೆ ತುಂಬ ಮೀನಿದೆ ಎಂದೇ ಅನಿಸಿತು. ಹನೂರು ಕಾಡಿನ ಎದುರು ದಂಡೆಯ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಸಿಕ್ಕು ಮತ್ತೆ ನೀರಿಗೆ ಬಿಟ್ಟ ಮೀನುಗಳ ಲೆಕ್ಕವನ್ನು ಸಂಶೋಧಕರು ಬಿಡಿಸಿ ನೋಡಿದರು. ನೀಲಿ ರೆಕ್ಕೆಯವು ಏರುತ್ತಾ ಹೋಗಿದ್ದವು, ಹಿಣಿಲಿನವು ಕುಸಿದಿದ್ದವು.

ಹೆಸರಿನ ಗಂಟು ಬಿಡಿಸಿದ್ದು 2018ರಲ್ಲಿ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಮೈಯನ್ನೂ ವಂಶವಾಹಿಯನ್ನೂ ಪರೀಕ್ಷಿಸಿ, ಇದು ‘ಟಾರ್ ರೆಮಾದೇವಿ’ ಎಂದು ತೋರಿಸಿಕೊಟ್ಟರು. ಆ ಹೆಸರು 2007ರಲ್ಲೇ ಇತ್ತು. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಎಳೆಯ ಮೀನುಗಳನ್ನು ವರ್ಣಿಸಿ, ಮೀನುಗಳ ಅಧ್ಯಯನದಲ್ಲಿ ದುಡಿದ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಪಾಂಬಾರ್ ನೀರು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಎರಡೂ ಒಂದೇ ಮೀನೆಂದು ಯಾರಿಗೂ ಹೊಳೆಯದಿರಲು ಒಂದು ಕಾರಣ ಹಿಣಿಲೇ. ಎಳೆಯ ಮೀನಿನಲ್ಲಿ ಅದು ಎದ್ದು ಕಾಣುವುದಿಲ್ಲ, ಮೀನು ಬೆಳೆದಂತೆ ಬರುತ್ತದೆ. ದನದ ಕರುವಿನಲ್ಲೂ ಹಾಗೇ ಅಲ್ಲವೇ? 2018ರ ನವೆಂಬರಿನಲ್ಲಿ ಕೆಂಪುಪಟ್ಟಿ ಈ ಮೀನನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಮೈಯ ಆಕಾರವನ್ನು ಹೇಳುವ ಒಂದು ಮಾತು ಶತಮಾನಕ್ಕೂ ಹೆಚ್ಚು ಕಾಲ ಆ ಮೀನಿನ ಗುರುತನ್ನು ಕಾಪಾಡಿತು. ಮೀನನ್ನು ಕಾಪಾಡಲು ಮಾತ್ರ ಅದೊಂದೇ ಸಾಲಲಿಲ್ಲ.

ಕೊನೆಯದು ಮನುಷ್ಯರದು. ಇಲ್ಲಿ ಹಿಣಿಲು ಎಂಬ ಮಾತು ಸಲ್ಲುವುದೇ ಇಲ್ಲ, ಗೂನು ಎನ್ನುತ್ತೇವೆ. ರಾಮಾಯಣದ ಮಂಥರೆ ಗೂನಿ. ಮಥುರೆಯಲ್ಲಿ ಕೃಷ್ಣನಿಗೆ ಗಂಧ ಕೊಟ್ಟ ಕುಬ್ಜೆಯೂ ಗೂನಿ, ಅವನು ಅವಳ ಬೆನ್ನನ್ನು ನೆಟ್ಟಗೆ ಮಾಡಿದ ಕತೆ ಎಲ್ಲರಿಗೂ ಗೊತ್ತು. ಸಂಸ್ಕೃತದ ಕುಬ್ಜ ಎಂದರೆ ಗೂನುಬೆನ್ನಿನವನು. ಕನ್ನಡಕ್ಕೆ ಬಂದು ಆ ಮಾತು ಕುಳ್ಳ ಎಂಬ ಅರ್ಥಕ್ಕೆ ಜಾರಿದೆ. ಬೆನ್ನು ಬಾಗಿದವರ ಎತ್ತರ ಕಡಿಮೆಯಾಗುವುದರಿಂದ ಈ ಜಾರಿಕೆ ಸಹಜವೇ. ಪುರಾಣದ ಗೂನು ಒಬ್ಬರ ಕೆಡುಕಿನ ಗುರುತು, ಇನ್ನೊಬ್ಬರ ಭಕ್ತಿಗೆ ಸಿಕ್ಕ ಪವಾಡದ ನೆಪ. ಊರಿನ ಗೂನು ಬರಿಯ ಅಡ್ಡಹೆಸರು. ವೈದ್ಯರಿಗೆ ಅದೊಂದು ಲಕ್ಷಣ, ಒಳಗಿನ ಕಾರಣವನ್ನು ಹುಡುಕಬೇಕೆಂಬ ಸೂಚನೆ.

ಎಲ್ಲರ ಬೆನ್ನಿನ ಮೇಲ್ಭಾಗವೂ ಸ್ವಲ್ಪ ಹಿಂದಕ್ಕೆ ಬಾಗಿಯೇ ಇರುತ್ತದೆ. ಆ ಬಾಗು ಮಿತಿ ಮೀರಿದರೆ ಅದಕ್ಕೆ ಕೈಫೋಸಿಸ್ ಎಂದು ಹೆಸರು. ಬಿಲ್ಲಿನಂತೆ ದುಂಡಗೆ ಬಾಗಿದ ಬೆನ್ನು ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಮೂಳೆ ಸವೆದು ಟೊಳ್ಳಾಗಿ, ಬೆನ್ನಿನ ಮಣಿಗಳು ಮುಂಭಾಗದಲ್ಲಿ ಕುಸಿದಿರುತ್ತವೆ. ‘ವಯಸ್ಸಾಯ್ತು, ಬಗ್ಗಿದ್ದಾರೆ’ ಎಂದು ನಾವು ಸುಮ್ಮನಾಗುವ ಎಷ್ಟೋ ಬೆನ್ನುಗಳಲ್ಲಿ ಯಾರೂ ಗಮನಿಸದ ಮೂಳೆ ಮುರಿತ ಇರುತ್ತದೆ. ಒಂದೇ ಕಡೆ ಚೂಪಾಗಿ, ಮೂಲೆಯಂತೆ ಹೊರಗೆ ಚಾಚಿದ ಉಬ್ಬು ಇನ್ನೊಂದು ಬಗೆ. ವೈದ್ಯರು ಅದನ್ನು ಗಿಬಸ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೂ ಡುಬ್ಬ ಎಂದೇ ಅರ್ಥ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣ ಬೆನ್ನುಮೂಳೆಯ ಕ್ಷಯ. 1779ರಲ್ಲಿ ಇದನ್ನು ವರ್ಣಿಸಿದ ಇಂಗ್ಲೆಂಡಿನ ಪರ್ಸಿವಲ್ ಪಾಟ್ ಹೆಸರಿನಲ್ಲಿ ಇದನ್ನು ಪಾಟ್ಸ್ ಕಾಯಿಲೆ ಎಂದೂ ಕರೆಯುತ್ತಾರೆ. ಕ್ಷಯ ಎಂದರೆ ಕೆಮ್ಮು, ಎದೆ ಎಂದಷ್ಟೇ ತಿಳಿದವರಿಗೆ ಇದು ಹೊಳೆಯುವುದಿಲ್ಲ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಆಮೇಲೆ ಕಾಲಿನಲ್ಲಿ ಜೋಮು, ಬಲಹೀನತೆ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದರೆ ಕಾಲು ಸ್ವಾಧೀನ ತಪ್ಪಬಹುದು. ಬೇಗ ಹಿಡಿದರೆ ಬಹುಪಾಲು ಮಂದಿಗೆ ಮಾತ್ರೆಗಳಿಂದಲೇ ವಾಸಿಯಾಗುತ್ತದೆ. ತಡಮಾಡಿದರೆ ರೋಗ ವಾಸಿಯಾದರೂ ಗೂನು ಉಳಿದುಬಿಡುತ್ತದೆ.

ವೈದ್ಯರ ಮಾತಿನಲ್ಲಿ ಇನ್ನೊಂದು ವಿನೋದವಿದೆ. ಕತ್ತಿನ ಹಿಂದೆ, ಹೆಗಲುಗಳ ನಡುವೆ ಕೊಬ್ಬು ಗಂಟುಕಟ್ಟಿದರೆ ಅವರು ಅದನ್ನು ‘ಬಫಲೋ ಹಂಪ್’ ಎನ್ನುತ್ತಾರೆ. ಎಮ್ಮೆ ಕಟ್ಟಿದವರನ್ನು ಕೇಳಿದರೆ ನಕ್ಕಾರು. ಎಮ್ಮೆಗೆ ಹಿಣಿಲೆಲ್ಲಿ? ಅಮೆರಿಕದವರು ಬೈಸನ್ನನ್ನೇ ಬಫಲೋ ಎಂದು ಕರೆಯುತ್ತಾರೆ, ಹೆಸರು ಅಲ್ಲಿಂದ ಬಂತು. ಹೆಸರು ಏನೇ ಇರಲಿ, ಸಂಗತಿ ನಗುವಂಥದ್ದಲ್ಲ. ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ ಮುಖ ಊದಿಕೊಂಡು ಇಂಥ ಉಬ್ಬು ಬರುತ್ತದೆ. ಕೀಲುನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ, ಮಾತ್ರೆ ನುಂಗಿ ‘ತಕ್ಷಣ ಹಗುರಾಯ್ತು’ ಎನ್ನುವವರು ಅದರಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಹಾಗೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಮಾತಿನಂತೆ ನಿಧಾನಕ್ಕೆ ಇಳಿಸಬೇಕು.

ಒಂದು ಸೀಮೆಯ ನಾಲ್ಕು ಉಬ್ಬುಗಳಿಗೆ ನಾಲ್ಕು ಒಳಗುಟ್ಟುಗಳು. ಎತ್ತಿನದು ಸ್ನಾಯು, ಕಾಟಿಯದು ಮೂಳೆ, ಮೀನಿನದು ವಯಸ್ಸಿನೊಡನೆ ಏರುವ ಮೈಗೆರೆ, ಮನುಷ್ಯರದು ಹೆಚ್ಚಿನಂಶ ಕಾಯಿಲೆ. ನೋಡಿದ್ದನ್ನು ಹೇಳುವ ಮಾತು ತಪ್ಪಲ್ಲ, ವಿಜ್ಞಾನವೂ ಅಲ್ಲಿಂದಲೇ ಆರಂಭವಾಗುತ್ತದೆ. ಅಲ್ಲಿಗೇ ನಿಂತರೆ ಕಾಟಿ ಬೈಸನ್ ಆಗುತ್ತದೆ, ಅಳಿಯುತ್ತಿರುವ ಮೀನು ಲೆಕ್ಕದಲ್ಲಿ ಹೆಚ್ಚಾಗುತ್ತದೆ, ಔಷಧಿ ಬೇಕಾದವರಿಗೆ ಅಡ್ಡಹೆಸರು ಸಿಗುತ್ತದೆ.

ಓದುಗರಲ್ಲಿ ಕೇಳಿಕೊಳ್ಳುವುದು ಎರಡೇ. ವನ್ಯಧಾಮದ ಹೊಳೆಯಲ್ಲಿ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧ. ಹೊರಗಿನ ನೀರಿನಲ್ಲೂ ಬೆನ್ನು ಏರಿದ, ಕಿತ್ತಳೆ ಬಾಲದ ಮಹಶೀರ್ ಬಲೆಗೆ ಬಿದ್ದರೆ ಜೀವಂತವಾಗಿ ಬಿಟ್ಟುಬಿಡಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರದಾದರೂ ಬೆನ್ನು ಹೊಸದಾಗಿ ಉಬ್ಬುತ್ತಿದ್ದರೆ, ವಿಶೇಷವಾಗಿ ಮಕ್ಕಳದಾದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಷಯದ ಪರೀಕ್ಷೆಗೂ ಔಷಧಿಗೂ ಅಲ್ಲಿ ಹಣ ಕೊಡಬೇಕಾಗಿಲ್ಲ.